ಸೌದೆ ಒಲೆಯ ಪಕ್ಕದಲ್ಲಿ ಅನುವಾದ

ಒಲೆಯ ಬಾಗಿಲು ತೆರೆದರೆ ಶಾಖ ಮುಖಕ್ಕೆ ರಾಚುತ್ತದೆ. ನೀವು ನಿಂತಿರುವುದು ಬವೇರಿಯಾದ ಈಶಾನ್ಯ ಮೂಲೆಯ ಪುಟ್ಟ ಊರು ವಿಂಡಿಶೆಶೆನ್‌ಬಾಖ್‌ನಲ್ಲಿ, ಊರೊಟ್ಟಿನ ಬಿಯರ್ ಮನೆಯೊಳಗೆ. ಬಿಯರ್ ಮಾಡುವ ಹಕ್ಕು ಇಲ್ಲಿ ಮನೆಗಳಿಗೆ ಅಂಟಿಕೊಂಡು ಬಂದದ್ದು. ಹಕ್ಕಿರುವ ಮನೆಯವರು ಸರದಿಯ ಮೇಲೆ ಬಂದು ಸೌದೆ ಹೊತ್ತಿಸುತ್ತಾರೆ. ನಿಮ್ಮ ಕೈಯಲ್ಲಿ ಒಂದು ಜರ್ಮನ್ ಹಾಳೆ. ಅದು ಇಂಗ್ಲಿಷ್‌ಗೆ ಹೋಗಬೇಕು.

ಜಜ್ಜಿದ ಮಾಲ್ಟ್ ಬಿಸಿನೀರಿಗೆ ಬಿದ್ದು ಗಂಜಿಯಂತಾಗಿದೆ. ಹಾಳೆಯಲ್ಲಿ ಇದು ‘ಮೈಷೆ’. ಇಂಗ್ಲಿಷಿನ ‘ಮ್ಯಾಶ್’ ಸಲೀಸಾಗಿ ಕೂರುತ್ತದೆ. ಮುಂದಿನದಕ್ಕೆ ಎಚ್ಚರ ಬೇಕು. ಸಿಪ್ಪೆ ತಳದಲ್ಲುಳಿದು, ಸೋಸಿ ಬರುವ ಹೊಂಬಣ್ಣದ ರಸ ‘ವ್ಯುರ್ಟ್ಸೆ’. ನಿಘಂಟಿನಲ್ಲಿ ಇದಕ್ಕೆ ಮಸಾಲೆ ಅನ್ನುವ ಅರ್ಥವೂ ಇದೆ. ಒಂದು ಗುಟುಕು ಕುಡಿದು ನೋಡಿ: ಮಸಾಲೆಯ ಸುಳಿವೇ ಇಲ್ಲ, ಗಂಟಲಿಗೆ ಅಂಟುವ ಸಿಹಿ. ಇಂಗ್ಲಿಷ್ ಬ್ರೂವರ್‌ಗೆ ಇದು ‘ವರ್ಟ್’.

ಹಾಪ್ ಹಾಕಿ ಕುದಿಸಿಯಾಯಿತು. ಒಂದಿಷ್ಟು ರಸವನ್ನು ತಣಿಸಿ, ಉದ್ದನೆಯ ಜಾಡಿಗೆ ಸುರಿದು, ಗಾಜಿನ ತೇಲುಕಡ್ಡಿ ಬಿಡುತ್ತಾರೆ. ಬಗ್ಗಿ, ರಸದ ಮಟ್ಟಕ್ಕೆ ಕಣ್ಣು ತನ್ನಿ. ಕಡ್ಡಿ ಮೇಲೆ ಕೆಳಗೆ ಆಡಿ ನಿಲ್ಲುತ್ತದೆ: 12. ಅಂದರೆ 100 ಗ್ರಾಂ ರಸದಲ್ಲಿ 12 ಗ್ರಾಂ ಕರಗಿದ ಸಾರ, ಬಹುಪಾಲು ಸಕ್ಕರೆ. ಹಾಳೆಯಲ್ಲಿನ ‘ಶ್ಟಾಮ್‌ವ್ಯುರ್ಟ್ಸೆ’ ಇದೇ. ‘ಒರಿಜಿನಲ್ ಗ್ರಾವಿಟಿ’ ಎಂದು ಬರೆದರೆ ಪದ ಸರಿಹೋಯಿತು, ಕೆಲಸ ಮುಗಿಯಲಿಲ್ಲ. ಬ್ರಿಟನ್ನಿನವರು ನೀರಿನ ಸಾಂದ್ರತೆಗೆ ಹೋಲಿಸಿ ಅಳೆಯುವವರು. ಇದೇ ರಸ ಅವರ ಲೆಕ್ಕದಲ್ಲಿ 1.048. ಪದ ಬದಲಿಸಿ ಅಂಕಿಯನ್ನು ಹಾಗೇ ಬಿಟ್ಟರೆ ಅದು ಅರ್ಧ ಅನುವಾದ. ಅದನ್ನು ನಂಬಿ ಹಂಡೆ ಇಡುವವನಿಗೆ ಮಾಡುವ ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಮೆಟ್ಟಿಲು ಹತ್ತಿ. ಅಗಲವಾದ, ಆಳವಿಲ್ಲದ ಲೋಹದ ತೊಟ್ಟಿಯಲ್ಲಿ ರಸ ರಾತ್ರಿಯಿಡೀ ಆರುತ್ತದೆ. ಹಬೆಗೆ ಕನ್ನಡಕ ಮಂಜಾಯಿತೇ? ಒರೆಸಿಕೊಳ್ಳಿ. ಇದು ‘ಕ್ಯೂಲ್‌ಶಿಫ್’; ಇಂಗ್ಲಿಷ್ ಬ್ರೂವರ್‌ಗಳು ‘ಕೂಲ್‌ಶಿಪ್’ ಎಂದೇ ಒಪ್ಪಿಕೊಂಡಿದ್ದಾರೆ.

ಬೆಳಿಗ್ಗೆ ರಸ ಟ್ಯಾಂಕಿಗೇರಿ ಮನೆಯ ನೆಲಮಾಳಿಗೆ ಸೇರುತ್ತದೆ. ಯೀಸ್ಟ್ ಬಿದ್ದು, ನೊರೆ ಎದ್ದು ಇಳಿದ ಮೇಲೆ ‘ಯುಂಗ್‌ಬಿಯರ್’, ಎಳೆಯ ಬಿಯರ್. ಇಂಗ್ಲಿಷಿನಲ್ಲಿ ‘ಗ್ರೀನ್ ಬಿಯರ್’. ಬಣ್ಣಕ್ಕಲ್ಲ, ಇನ್ನೂ ಹಸಿ ಅನ್ನುವುದಕ್ಕೆ. ತಂಪಿನಲ್ಲಿ ವಾರಗಟ್ಟಲೆ ಮಾಗಿದ ಮೇಲೆ ಮನೆಯವರು ಹೊರಗೆ ಆರು ಮೂಲೆಯ ನಕ್ಷತ್ರ ತೂಗುಹಾಕಿ ಮಾರುತ್ತಾರೆ. ಹೆಸರು ‘ತ್ಸೋಯ್ಗ್ಲ್’. ಅದನ್ನು ಹಾಗೆಯೇ ಇಡಿ. ಊರೊಟ್ಟಿನ ಹಂಡೆಯಲ್ಲಿ ಕುದಿಸಿ ಮನೆಯಲ್ಲಿ ಮಾಗಿಸಿದ್ದು ಎಂದು ಪಕ್ಕದಲ್ಲೊಂದು ಸಾಲು ಬರೆದರೆ ಸಾಕು.