ಭದ್ರೆಯ ಕಡವಿನಲ್ಲಿ ಒಂದು ಜಿಜ್ಞಾಸೆ

ಕಳೆದ ಮಾರ್ಗಶಿರ ಮಾಸದಲ್ಲಿ, ಕಳಸದ ಸಮೀಪದ ಸದ್ಭಕ್ತರೊಬ್ಬರ ಮನೆಗೆ ಅವರ ಮೊಮ್ಮಗನ ಲಿಂಗದೀಕ್ಷೆಯ ನಿಮಿತ್ತ ಹೋಗುವ ಯೋಗ ಒದಗಿತು. ಚಿಕ್ಕಮಗಳೂರಿನಿಂದ ಮುಂಜಾನೆಯ ಬಸ್ಸಿನಲ್ಲಿ ಹೊರಟು ಮೂಡಿಗೆರೆಯನ್ನು ದಾಟುವಾಗ ಕಾಫಿ ತೋಟಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಕೊಟ್ಟಿಗೆಹಾರದಲ್ಲಿ ದಾರಿ ಕವಲೊಡೆಯುತ್ತದೆ: ಒಂದು ಚಾರ್ಮಾಡಿ ಘಟ್ಟವನ್ನಿಳಿದು ಕಡಲಿನತ್ತ, ಮತ್ತೊಂದು ಕಳಸದತ್ತ. ಈ ನೆಲದ ನೀರೂ ಹಾಗೆಯೇ ಕವಲೊಡೆದಿದೆ. ಜಾವಳಿಯಲ್ಲಿ ಹುಟ್ಟಿದ ಹೇಮಾವತಿ ಕಾವೇರಿಯನ್ನು ಸೇರುತ್ತಾಳೆ. ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು ಕೃಷ್ಣೆಯ ಕಡೆಗೆ ನಡೆಯುತ್ತಾಳೆ.

ನಾನು ಇಳಿದುಕೊಂಡಿದ್ದ ಮನೆ ಭದ್ರೆಯ ಈಚೆ ದಡದಲ್ಲಿತ್ತು. ತೋಟದ ಬಹುಭಾಗವೂ ಕೆಲಸಗಾರರ ಲೈನ್ ಮನೆಗಳೂ ಆಚೆ ದಡದಲ್ಲಿದ್ದವು. ಹಣ್ಣಿನ ಕುಯ್ಲಿನ ಕಾಲದಲ್ಲಿ ಕಾಫಿ ಮೂಟೆಗಳೂ, ಶಾಲೆಯ ಮಕ್ಕಳೂ ದೋಣಿಯಲ್ಲೇ ಬರಬೇಕು. ಆ ದೋಣಿ ಹಳತಾಗಿ ಸೋರುತ್ತಿತ್ತು. ಹೊಸದನ್ನು ಮಾಡಿಸುವ ವಿಷಯದಲ್ಲಿ ತಂದೆ ಮಗನಿಗೆ ಭಿನ್ನಾಭಿಪ್ರಾಯವಿತ್ತು. "ನಮ್ಮಪ್ಪನ ಕಾಲದಿಂದ ಒಂಟಿ ದೋಣಿಯೇ ಸಾಕಾಗಿದೆ" ಎಂದು ಗೌಡರು. ಮಂಗಳೂರಿನಲ್ಲಿ ಹಡಗಿನ ಯಂತ್ರಗಳ ಕೆಲಸದಲ್ಲಿರುವ ಮಗನದು, "ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸೋಣ ಅಪ್ಪಾಜಿ" ಎಂಬ ಹಟ. ಖರ್ಚು ಸುಮಾರು ಇಮ್ಮಡಿ. ಪ್ರಸಾದವಾದ ಮೇಲೆ ಗೌಡರು ನನ್ನತ್ತ ತಿರುಗಿ, "ಶಾಸ್ತ್ರಿಗಳೇ, ನೀವೇ ಹೇಳಿ" ಎಂದರು.

ಶಾಸ್ತ್ರ ಓದಿದವನಿಗೆ ದೋಣಿಯ ವಿಚಾರವೇನು ತಿಳಿದೀತು ಎಂದು ವಾಚಕರು ನಕ್ಕಾರು. ಆದರೂ ಮಗನನ್ನು ಕೂರಿಸಿಕೊಂಡು ಕೇಳಿದೆ. ಅವನಿಂದ ತಿಳಿದುದು ಇಷ್ಟು. ಹಾಯಿಕಟ್ಟಿ ಕಡಲಯಾನ ಮಾಡುವವರಲ್ಲಿ ಈ ಚರ್ಚೆ ಇಂದಿಗೂ ಮುಗಿದಿಲ್ಲ. ಜೋಡು ಒಡಲಿನ ನೌಕೆಯನ್ನು ಅವರು ಕ್ಯಾಟಮರಾನ್ ಎನ್ನುತ್ತಾರೆ. ಆ ಶಬ್ದ ನಮ್ಮ ನೆರೆಯ ತಮಿಳಿನ 'ಕಟ್ಟುಮರಂ'. ಕನ್ನಡಿಗರಿಗೂ ಅರ್ಥ ಹೇಳಬೇಕಾಗಿಲ್ಲ. ಅದು ಮರದ ದಿಮ್ಮಿಗಳನ್ನು ಬಿಗಿದ ತೆಪ್ಪದ ಹೆಸರು; ಜೋಡು ದೋಣಿಯನ್ನು ಮಹಾಸಾಗರದ ಮೇಲೆ ನಡೆಸಿದವರು ಪೆಸಿಫಿಕ್ ದ್ವೀಪಗಳ ಜನ. ಹೆಸರು ಇಲ್ಲಿಯದು, ರೂಪ ಅಲ್ಲಿಯದು.

ಜೋಡು ಒಡಲಿಗೆ ಅಗಲವೇ ಆಧಾರ. ಒಂದು ಪಕ್ಕ ಭಾರ ಬಿದ್ದರೆ ಆ ಪಕ್ಕದ ಒಡಲು ತುಸು ಮುಳುಗಿ ನೀರಿನ ಒತ್ತಡದಿಂದ ಮೇಲಕ್ಕೆ ಒದೆಯುತ್ತದೆ. ಆದ್ದರಿಂದ ವಾಲುವುದು ಅತ್ಯಲ್ಪ. ಆದರೆ ಒಮ್ಮೆ ಮಗುಚಿದರೆ ತಾನಾಗಿ ನೆಟ್ಟಗಾಗದು. ಕಡಲಿನ ಒಂಟಿ ನೌಕೆಗೆ ತಳದಲ್ಲಿ ಸೀಸವೋ ಕಬ್ಬಿಣವೋ ತುಂಬಿದ ಭಾರವಿರುತ್ತದೆ. ಅದು ವಾಲುತ್ತದೆ, ಆದರೆ ಮತ್ತೆ ಏಳುತ್ತದೆ. 2018ರ ಸೆಪ್ಟೆಂಬರಿನಲ್ಲಿ ನೌಕಾಪಡೆಯ ಅಭಿಲಾಷ್ ಟೋಮಿಯವರ 'ತುರೀಯ' ದಕ್ಷಿಣ ಹಿಂದೂಸಾಗರದ ಬಿರುಗಾಳಿಯಲ್ಲಿ ಉರುಳಿ ಕೂವೆಮರ ಮುರಿಯಿತು. ಅವರ ಬೆನ್ನಿಗೆ ತೀವ್ರ ಪೆಟ್ಟಾಯಿತು. ಆದರೂ ನೌಕೆ ಮುಳುಗಲಿಲ್ಲ, ಅವರನ್ನು ರಕ್ಷಿಸಲು ಸಾಧ್ಯವಾಯಿತು. 2017–18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ಭೂಪ್ರದಕ್ಷಿಣೆ ಮಾಡಿದ 'ತಾರಿಣಿ'ಯೂ ಒಂಟಿ ಒಡಲಿನದೇ.

"ಹಾಗಾದರೆ ನನ್ನ ಮಾತೇ ಸರಿ" ಎಂದರು ಗೌಡರು. ಆಗ ನಾನು ಐವತ್ತು ವರ್ಷಗಳಿಂದ ಯಾರೊಡನೆಯೂ ಆಡದಿದ್ದ ಮಾತೊಂದನ್ನು ಆಡಬೇಕಾಯಿತು. ಮಠದ ಪಾಠಶಾಲೆಗೆ ಸೇರಿದ ವರ್ಷ, ಹನ್ನೆರಡರ ಪ್ರಾಯದಲ್ಲಿ, ಜಾತ್ರೆಗೆಂದು ಹೊಳೆ ದಾಟುತ್ತಿದ್ದೆ. ಒಂಟಿ ದೋಣಿ, ಹಿಡಿಯುವುದಕ್ಕಿಂತ ಹೆಚ್ಚು ಜನ. ದಡ ಇನ್ನೇನು ಮುಟ್ಟಿತೆನ್ನುವಾಗ ಎಲ್ಲರೂ ಒಂದೇ ಪಕ್ಕಕ್ಕೆ ಎದ್ದರು. ದೋಣಿ ಮಗುಚಿತು. ಉಳಿದವರೆಲ್ಲ ದಡ ಸೇರಿದೆವು. ಒಬ್ಬ ಅಜ್ಜಿ ಮಾತ್ರ ಸಿಕ್ಕಲಿಲ್ಲ. ಮೊದಲು ಎದ್ದವರಲ್ಲಿ ನಾನೂ ಒಬ್ಬನಾಗಿದ್ದೆ. ಗೌಡರ ಪತ್ನಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಪರೀಕ್ಷೆಯಾಯಿತು. ನೆರೆಮನೆಯ ದೋಣಿಯನ್ನೂ ತಂದು, ಮೊಣಕಾಲು ನೀರಿನಲ್ಲಿ ಮೊದಲು ಒಂದೇ ದೋಣಿಯಲ್ಲಿ ಮರಳಿನ ಚೀಲಗಳನ್ನು ಒಂದು ಬದಿಗೆ ಸರಿಸಿದರು. ಅಂಚಿನ ಮೇಲೆ ನೀರು ನುಗ್ಗಿತು. ಬಳಿಕ ಎರಡನ್ನೂ ಬಿದಿರಿನ ಅಡ್ಡತೊಲೆಗಳಿಂದ ಬಿಗಿದು ಅಷ್ಟೇ ಭಾರ ಸರಿಸಿದಾಗ ಒಂದು ಗೇಣಿನಷ್ಟು ತಗ್ಗಿತಷ್ಟೆ. ಆಮೇಲೆ ದಾಟಿಸಲು ಹೋದಾಗ, ಒಂಟಿ ದೋಣಿ ನುಸುಳುತ್ತಿದ್ದ ಎರಡು ಬಂಡೆಗಳ ನಡುವೆ ಜೋಡಿ ಸಿಕ್ಕಿಕೊಂಡಿತು. ತೊಲೆ ಕಟ್ಟಿದ ಹಗ್ಗ ಕಿರುಗುಟ್ಟಿತು. ಗೌಡರು ನಕ್ಕರು, ಅವರ ವಾದದಲ್ಲೂ ಹುರುಳಿತ್ತು.

ನನ್ನ ಅಭಿಪ್ರಾಯ ಹೀಗೆ ರೂಪುಗೊಂಡಿತು. ಕಡಲಿನ ಒಂಟಿ ನೌಕೆಯನ್ನು ಎತ್ತಿ ನಿಲ್ಲಿಸುವುದು ತಳದ ಭಾರ. ಬಂಡೆಗಳ ನಮ್ಮ ಹೊಳೆಯಲ್ಲಿ ಅಂಥ ತಳವನ್ನು ಇಳಿಸುವುದು ಅಸಾಧ್ಯ. ಹೀಗಾಗಿ ಹೊಳೆಯ ಒಂಟಿ ದೋಣಿಗೆ ವಾಲುವ ದೋಷ ಉಳಿಯುತ್ತದೆ, ಏಳುವ ಗುಣ ಬರುವುದಿಲ್ಲ. ಮಕ್ಕಳನ್ನು ಕೂರಿಸಿದ ದೋಣಿಯಲ್ಲಿ ಎಲ್ಲರೂ ಒಂದೇ ಪಕ್ಕಕ್ಕೆ ಏಳುವುದು ಸಹಜ. ಆ ಸಹಜವಾದ ತಪ್ಪನ್ನು ಕ್ಷಮಿಸುವ ದೋಣಿಯೇ ಬೇಕು. ಮೂಟೆಗೆ ಒಂಟಿ ಇರಲಿ, ಮನುಷ್ಯರಿಗೆ ಜೋಡು ಇರಲಿ. ಅದಕ್ಕಾಗಿ ಕಡವನ್ನು ಬಂಡೆಗಳಿಲ್ಲದ ಮೇಲಿನ ಮಡುವಿಗೆ ಸರಿಸಬೇಕು.

ಆದರೆ ಆಷಾಢದ ಕೆಂಪು ನೀರಿಗೆ ಎರಡೂ ಸಮವೇ. ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆಯೇ ನೆರೆ ಬಂದಾಗ ಮುಳುಗಿರುವುದನ್ನು ಈ ಭಾಗದವರು ಕಂಡಿದ್ದಾರೆ. ನೆರೆಯಲ್ಲಿ ಕಡವು ಮುಚ್ಚಬೇಕು. ಕೊನೆಗೆ ಬೇಕಾದುದು ತೂಗುಸೇತುವೆ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಒಂದು ಕಟ್ಟಿ, ಮುಂದೆ ನೂರಕ್ಕೂ ಹೆಚ್ಚು ಕಟ್ಟಿದರು. ಅದಕ್ಕಾಗಿ 2017ರಲ್ಲಿ ಪದ್ಮಶ್ರೀ ಪಡೆದರು. ಊರವರು ಕೂಡಿ ಅರ್ಜಿ ಕೊಡಿರೆಂದೆ. ಗೌಡರೇ ಮೊದಲ ಸಹಿ ಹಾಕಿದರು.

ಬೀಳ್ಕೊಡುವಾಗ ಹುಡುಗ, "ಅಜ್ಜಾ, ದೋಣಿಗೆ ಏನು ಹೆಸರಿಡಲಿ?" ಎಂದ. ಈ ಭದ್ರೆಯ ನೀರೇ ತುಂಗಭದ್ರೆಯಾಗಿ ಹರಿಯುವ ದಡದಲ್ಲಿ, ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರವಿದೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರೊಡನೆ ಆ ಊರನ್ನು ಸ್ಮರಿಸುವ ಪ್ರತೀತಿಯಿದೆ. ಹುಟ್ಟು ಹಾಕುವುದನ್ನೇ ಕಾಯಕವಾಗಿ ಕಂಡ ಆ ಶರಣರ ಹೆಸರನ್ನು ಹೇಳಿದೆ. "ಹೆಸರಿನ ಕೆಳಗೆ ಹತ್ತೇ ಜನ ಎಂದೂ ಬರೆ ತಮ್ಮಾ" ಎಂದೆ. ಅವನು ಕೆಂಪು ಬಣ್ಣದಲ್ಲಿ ಬರೆಯುವುದಾಗಿ ಮಾತು ಕೊಟ್ಟ.