ದುರ್ಗದ ಸೀಮೆಯಲ್ಲಿ ಮೂರು ದಿನ

“ದೇಶ ಸುತ್ತು, ಕೋಶ ಓದು” ಎಂಬುದು ನಮ್ಮ ಹಿರಿಯರ ಮಾತು. ಸಂಸಾರಸ್ಥರಾದವರಿಗೆ ಇವೆರಡರಲ್ಲಿ ಕೋಶ ಓದುವುದು ಹೇಗೋ ನಡೆದೀತು. ದೇಶ ಸುತ್ತುವುದು ಮಾತ್ರ ಸುಲಭವಲ್ಲ. ಬಹುದಿನಗಳ ಮೇಲೆ ನಮ್ಮ ಮನೆಯಲ್ಲಿ ಅಂಥದೊಂದು ಅವಕಾಶ ಒದಗಿದಾಗ, ಎಲ್ಲಿಗೆ ಹೋಗಬೇಕೆಂಬ ವಿಷಯದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನನ್ನ ಮಗನು ಸಮುದ್ರವನ್ನು ನೋಡಬೇಕೆಂದನು. ನಮ್ಮ ಮನೆಯವರು ಆಗುಂಬೆಯ ಕಡೆಯ ಮಳೆಕಾಡನ್ನು ನೋಡೋಣವೆಂದರು. ಎಪ್ಪತ್ತೈದು ವರ್ಷದ ನನ್ನ ತಾಯಿ ಎಲ್ಲರ ಮಾತನ್ನೂ ಕೇಳಿ, ಕಡೆಗೆ, “ನಿಮ್ಮಿಷ್ಟದಂತೆ ಆಗಲಿ ಅಪ್ಪಾ. ಆದರೆ ಮಾರೀಕಣಿವೆ ಕೋಡಿ ಬಿದ್ದಿದೆಯಂತೆ” ಎಂದಷ್ಟೇ ಹೇಳಿ ಒಳಕ್ಕೆ ಹೋದರು.

ಆ ಮಾತಿನ ಅರ್ಥ ನನಗೆ ತಿಳಿದಿತ್ತು. ತಾಯಿಯವರ ತವರು ಹಿರಿಯೂರಿನ ಸೀಮೆಯ ಒಂದು ಸಣ್ಣ ಹಳ್ಳಿ. ಅವರ ಎಂಟನೆಯ ವಯಸ್ಸಿನಲ್ಲಿ ಮಳೆ ಕೈಕೊಟ್ಟು, ಬಾವಿ ಬತ್ತಿ, ನಮ್ಮ ತಾತನವರು ಎತ್ತುಗಳನ್ನು ಮಾರಿ ಮಕ್ಕಳೊಡನೆ ಮೈಸೂರಿಗೆ ವಲಸೆ ಬಂದರು. ತಾವು ಚಿಕ್ಕ ಹುಡುಗನಾಗಿದ್ದಾಗ, 1933ರಲ್ಲಿ, ಮಾರೀಕಣಿವೆಯ ಕೋಡಿ ಹರಿದುದನ್ನು ಕಣ್ಣಾರೆ ಕಂಡಿದ್ದುದಾಗಿ ಅವರು ಸಾಯುವವರೆಗೂ ಹೇಳುತ್ತಿದ್ದರು. ಅದಾದ ಮೇಲೆ ಎಂಬತ್ತೊಂಬತ್ತು ವರ್ಷಗಳ ಕಾಲ ಆ ಕೋಡಿಯಲ್ಲಿ ನೀರು ಹರಿಯಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹರಿದಾಗ ತಾಯಿ ಹಾಸಿಗೆ ಹಿಡಿದಿದ್ದರು. 2025ರ ಜನವರಿಯಲ್ಲಿ ಮತ್ತೊಮ್ಮೆ ಹರಿಯಿತೆಂಬ ಸುದ್ದಿ ಬಂದಿತು. ಇನ್ನು ತಡಮಾಡುವುದು ತರವಲ್ಲವೆಂದು, ಸಂಕ್ರಾಂತಿಯ ಮುಂದಿನ ವಾರದಲ್ಲಿ ನಾವು ನಾಲ್ವರೂ ಚಿತ್ರದುರ್ಗಕ್ಕೆ ಹೊರಟೆವು.

ದುರ್ಗದಲ್ಲಿ ನಮಗೆ ಒಬ್ಬ ವೃದ್ಧ ಮಾರ್ಗದರ್ಶಕರು ದೊರೆತರು. ಮೂರು ದಿನ ನಮ್ಮೊಡನಿದ್ದು ಕೋಟೆ, ಕಾಡು, ಗುಡಿ, ಕೆರೆ ಎಲ್ಲವನ್ನೂ ತೋರಿಸುವುದೆಂದು ಮಾತಾಯಿತು. ಪ್ರತಿಫಲವನ್ನು ಮೊದಲೇ ಗೊತ್ತುಮಾಡಿಕೊಂಡುದರಿಂದ ಕೊನೆಯಲ್ಲಿ ಯಾರಿಗೂ ಮನಸ್ತಾಪಕ್ಕೆ ಕಾರಣವಾಗಲಿಲ್ಲ. ವಾಚಕರೂ ಹೀಗೆಯೇ ಮಾಡುವುದು ಲೇಸು. ಅವರು ಮೊದಲ ದಿನವೇ, “ಸ್ವಾಮಿ, ಎಲ್ಲರೂ ಇಲ್ಲಿಗೆ ಕಲ್ಲು ನೋಡಲು ಬರುತ್ತಾರೆ. ನಾನು ನಿಮಗೆ ನೀರು ತೋರಿಸುತ್ತೇನೆ” ಎಂದರು. ಬರದ ಸೀಮೆಯೆಂದು ಹೆಸರಾದ ನಾಡಿನಲ್ಲಿ ಇದೆಂತಹ ಮಾತೆಂದು ನನಗೆ ಆಶ್ಚರ್ಯವಾಯಿತು.

ಬೆಳಗಿನ ತಂಪಿನಲ್ಲಿಯೇ ಕೋಟೆಯನ್ನು ಹತ್ತಲಾರಂಭಿಸಿದೆವು. ಏಳು ಸುತ್ತಿನ ಈ ಕೋಟೆಯನ್ನು ಜನರು ಕಲ್ಲಿನಕೋಟೆಯೆಂದೂ ಉಕ್ಕಿನಕೋಟೆಯೆಂದೂ ಕರೆಯುವರು. ಬೆಟ್ಟದ ಹೆಬ್ಬಂಡೆಗಳನ್ನೇ ಗೋಡೆಯ ಭಾಗವಾಗಿ ಮಾಡಿಕೊಂಡು, ನಡುವಣ ಸಂದುಗಳನ್ನು ಮಾತ್ರ ಕಟ್ಟಿ ಮುಚ್ಚಿರುವ ಜಾಣ್ಮೆ ನೋಡತಕ್ಕದ್ದು. ದಾರಿಯು ಎಲ್ಲಿಯೂ ನೇರವಾಗಿಲ್ಲ. ಹೆಜ್ಜೆ ಹೆಜ್ಜೆಗೂ ತಿರುವು. ಆನೆಯಾಗಲಿ ಕುದುರೆಯಾಗಲಿ ವೇಗದಿಂದ ನುಗ್ಗಿ ಬಾಗಿಲನ್ನು ಒಡೆಯಬಾರದೆಂಬುದೇ ಇದರ ಉದ್ದೇಶ. ಮದ್ದು ಅರೆಯುತ್ತಿದ್ದ ದೊಡ್ಡ ಬೀಸುವ ಕಲ್ಲುಗಳನ್ನು ಕಂಡು ನನ್ನ ಮಗನು, “ಅಜ್ಜಿ, ನಿಮ್ಮ ಮನೆಯ ರಾಗಿಕಲ್ಲಿನ ಅಪ್ಪ ಇದು!” ಎಂದು ಕೂಗಿದನು.

ಮಾರ್ಗದರ್ಶಕರು ಹೇಳಿದ ನೀರಿನ ಕಥೆ ಮೇಲಕ್ಕೆ ಹೋದಂತೆ ತಿಳಿಯುತ್ತ ಬಂದಿತು. ಬೆಟ್ಟದ ಮೇಲೆ ಬಿದ್ದ ಮಳೆಯ ನೀರು ಹೊಂಡಗಳಲ್ಲಿ ನಿಲ್ಲುವಂತೆ ನಾಯಕರ ಕಾಲದವರು ಏರ್ಪಾಡುಮಾಡಿದ್ದರು. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ ಮುಂತಾದ ಮೇಲಿನ ಹೊಂಡಗಳು ತುಂಬಿ ಮಿಕ್ಕ ನೀರು ವ್ಯರ್ಥವಾಗದೆ ಕೆಳಗಿನ ಸಿಹಿನೀರು ಹೊಂಡಕ್ಕೂ, ಊರೊಳಗಿನ ಸಂತೆಹೊಂಡಕ್ಕೂ ಇಳಿಯುವುದು. ಬಂಡೆಯ ಮೇಲೆ ಬೀಳುವ ಒಂದು ಹನಿಗೂ ಇಲ್ಲಿ ಲೆಕ್ಕವುಂಟು. “ಶತ್ರು ಕೋಟೆಯನ್ನು ಮುತ್ತಿದರೆ ಮೊದಲು ಸಾಯುವುದು ಬಾಯಾರಿದವನು, ತಾಯಿ. ಗೋಡೆಗಿಂತ ಮೊದಲು ಹೊಂಡ ಕಟ್ಟಿದರು” ಎಂದು ಆ ಹಿರಿಯರು ನನ್ನ ತಾಯಿಗೆ ವಿವರಿಸಿದರು.

ಓಬವ್ವನ ಕಿಂಡಿಯ ಬಳಿಗೆ ಬಂದಾಗಲೂ ಅವರು ಒನಕೆಯ ಸುದ್ದಿಯನ್ನು ಮೊದಲೆತ್ತಲಿಲ್ಲ. ಸಮೀಪದಲ್ಲಿರುವ ತಣ್ಣೀರು ದೋಣಿಯನ್ನು ತೋರಿಸಿದರು. ಹೈದರಾಲಿಯ ಸೈನ್ಯವು ಕೋಟೆಯನ್ನು ಮುತ್ತಿದ್ದಾಗ, ಕಹಳೆಯ ಮುದ್ದಹನುಮನು ಊಟಕ್ಕೆ ಕುಳಿತಿರಲು, ಅವನ ಹೆಂಡತಿ ಓಬವ್ವನು ಕುಡಿಯುವ ನೀರಿಗೆಂದು ಇಲ್ಲಿಗೆ ಬಂದಳು. ಕಿಂಡಿಯಲ್ಲಿ ಶತ್ರುಗಳು ಒಬ್ಬೊಬ್ಬರಾಗಿ ನುಸುಳುವುದನ್ನು ಕಂಡು, ಗಂಡನ ಊಟಕ್ಕೆ ಭಂಗ ತರಲಾರದೆ ಒನಕೆಯನ್ನು ಹಿಡಿದು ನಿಂತಳೆಂದು ಪ್ರತೀತಿ. ಅವಳ ಕಥೆಯೂ ನೀರಿನಿಂದಲೇ ಮೊದಲಾಗುವುದೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ತಾಯಿಯವರು ಆ ಕಿಂಡಿಯ ಮುಂದೆ ಬಹಳ ಹೊತ್ತು ನಿಂತು, ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

1568ರಲ್ಲಿ ಮತ್ತಿ ತಿಮ್ಮಣ್ಣನಾಯಕನಿಂದ ಮೊದಲಾದ ದುರ್ಗದ ನಾಯಕರ ಆಳ್ವಿಕೆಯು 1779ರಲ್ಲಿ ಹೈದರಾಲಿಯು ಕೋಟೆಯನ್ನು ಹಿಡಿದು ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದುದರೊಡನೆ ಮುಗಿಯಿತು. ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ವನ್ನು ಓದಿದವರಿಗೆ ಈ ಕಥೆ ಹೊಸದಲ್ಲ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರರ ದರ್ಶನವನ್ನು ಮಾಡಿಕೊಂಡು, ಬಿಸಿಲೇರುವಷ್ಟರಲ್ಲಿ ಇಳಿದೆವು.

ಸಾಯಂಕಾಲ ಚಂದ್ರವಳ್ಳಿಗೆ ಹೋದೆವು. ಸುತ್ತಲೂ ಬಂಡೆಗಳ ಬೆಟ್ಟ, ನಡುವೆ ಒಂದು ಶಾಂತವಾದ ಕೆರೆ. ಇಲ್ಲಿಯ ನೆಲವನ್ನು ಅಗೆದು ನೋಡಿದ ವಿದ್ವಾಂಸರಲ್ಲಿ ಆರ್. ನರಸಿಂಹಾಚಾರ್ಯರೂ, ಡಾಕ್ಟರ್ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಮುಖ್ಯರು. ಶಾತವಾಹನರ ನಾಣ್ಯಗಳೊಡನೆ ರೋಮಿನ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ಇಲ್ಲಿ ದೊರೆತಿರುವುವು. ಎರಡು ಸಾವಿರ ವರ್ಷಗಳ ಹಿಂದೆಯೇ ಸಮುದ್ರದಾಚೆಯ ಹಣವು ಈ ಬಯಲುಸೀಮೆಗೆ ಬಂದು ಸೇರುತ್ತಿದ್ದಿತು. ಭೈರವೇಶ್ವರನ ಗುಡಿಯ ಹತ್ತಿರ ಒಂದು ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿರುವುದು. ಸುಮಾರು ನಾಲ್ಕನೆಯ ಶತಮಾನದ ಆ ಬರೆಹದ ವಿಷಯವೇನೆಂದರೆ, ಅವನು ಕೆರೆಯನ್ನು ಕಟ್ಟಿಸಿದನೆಂಬುದು. ರಾಜ್ಯವೊಂದನ್ನು ಸ್ಥಾಪಿಸಿದ ದೊರೆಯು ಬಂಡೆಯ ಮೇಲೆ ಉಳಿಯಲೆಂದು ಬರೆಯಿಸಿದುದು ಕೆರೆಯ ಮಾತನ್ನು! ಮಾರ್ಗದರ್ಶಕರು ನನ್ನ ಮುಖವನ್ನು ನೋಡಿ ನಕ್ಕರು.

ಎರಡನೆಯ ದಿನ ಮುಂಜಾನೆ ಜೋಗಿಮಟ್ಟಿಗೆ ಹೊರಟೆವು. ಊರಿಗೆ ಇಷ್ಟು ಸಮೀಪದಲ್ಲಿ ಇಂತಹ ಕಾಡು ಉಂಟೆಂದು ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ತೋರುವಂತಿಲ್ಲ. ಆಡುಮಲ್ಲೇಶ್ವರದಲ್ಲಿ ಬಸವನ ಬಾಯಿಂದ ಬೀಳುವ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, ಅಲ್ಲಿಯ ಚಿಕ್ಕ ಮೃಗಾಲಯವನ್ನು ಹುಡುಗನಿಗೆ ತೋರಿಸಿ, ಮೇಲಕ್ಕೆ ಹೋದೆವು. ಮಂಜು ಮುಸುಕಿದ್ದಿತು. ತಣ್ಣನೆಯ ಗಾಳಿಗೆ ತಾಯಿಯವರು ಶಾಲನ್ನು ಬಿಗಿಯಾಗಿ ಹೊದೆದುಕೊಂಡರು. ಕರಡಿ, ಚಿರತೆ, ನವಿಲುಗಳಿಗೆ ನೆಲೆಯಾದ ಈ ಕಾಡನ್ನು 2015ರಲ್ಲಿ ವನ್ಯಧಾಮವೆಂದು ಗೊತ್ತುಮಾಡಿರುವರು. ನಮಗೆ ಕಂಡುದು ನವಿಲು ಮಾತ್ರ. ಕರಡಿಯನ್ನು ಕಾಣಲಿಲ್ಲವೆಂದು ಮಗನಿಗೆ ವ್ಯಸನ, ನಮ್ಮ ಮನೆಯವರಿಗೆ ಸಮಾಧಾನ. ಮಂಜು ಸರಿದಾಗ ದೂರದ ಗುಡ್ಡಗಳ ಸಾಲಿನ ಮೇಲೆ ವಿದ್ಯುತ್ತನ್ನು ಉತ್ಪಾದಿಸುವ ಗಾಳಿಯಂತ್ರಗಳು ಬೆಳ್ಳಗೆ ತಿರುಗುತ್ತಿದ್ದುದು ಕಂಡಿತು. “ಈ ಗುಡ್ಡದ ಹುಲ್ಲು ಮಳೆಯನ್ನು ಹಿಡಿದಿಟ್ಟರೆ ಕೆಳಗಿನ ಬಾವಿಯಲ್ಲಿ ನೀರು. ಹುಲ್ಲಿಗೆ ಬೆಂಕಿ ಬಿದ್ದ ವರ್ಷ ಬಾವಿಗೂ ಬೆಂಕಿ ಬಿದ್ದಂತೆಯೇ” ಎಂದರು ಮಾರ್ಗದರ್ಶಕರು.

ಅಲ್ಲಿಂದ ಹೊಳಲ್ಕೆರೆ. ಇಲ್ಲಿಯ ಪ್ರಸನ್ನ ಗಣಪತಿಯು ದೊಡ್ಡ ಏಕಶಿಲಾಮೂರ್ತಿ. ಗಾಳಿ ಮಳೆ ಬಿಸಿಲುಗಳಿಗೆ ಮೈಯೊಡ್ಡಿ ಕುಳಿತವನಾದುದರಿಂದ ಬಯಲು ಗಣಪತಿಯೆಂದೇ ಪ್ರಸಿದ್ಧನಾದನು. 1475ರಲ್ಲಿ ಗುಲ್ಯಪ್ಪನಾಯಕನೆಂಬವನು ಪ್ರತಿಷ್ಠಿಸಿದನೆಂದು ಹೇಳುವರು. ಹಿಂದೆ ಹೋಗಿ ನೋಡಿದರೆ ಸ್ವಾಮಿಯ ಬೆನ್ನ ಮೇಲೆ ಹೆಣೆದ ಜಡೆಯಿರುವುದು. ಅದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮಿಗಳು 1943ರಲ್ಲಿ ಕಟ್ಟಿದ ಅನಾಥಸೇವಾಶ್ರಮವನ್ನು ನೋಡಿದೆವು. ‘ತಿರುಕ’ನೆಂಬ ಹೆಸರಿನಿಂದ ಬರೆಯುತ್ತಿದ್ದ ಅವರು ಯೋಗವನ್ನೂ ಆಯುರ್ವೇದವನ್ನೂ ಸಾವಿರಾರು ಜನರಿಗೆ ಕಲಿಸಿ, 1996ರಲ್ಲಿ ಕಾಲವಾದರು. ಬೇಡಿ ತಂದು ಊರಿಗೆ ಬಡಿಸಿದ ಆ ಮಹನೀಯರ ಹೆಸರು ಅವರಿಗೆ ಎಷ್ಟು ಒಪ್ಪುವುದು!

ಹೊಸದುರ್ಗದ ಸೀಮೆಯನ್ನು ಹೊಕ್ಕೊಡನೆ ತೆಂಗಿನ ತೋಟಗಳು ಕಣ್ಣಿಗೆ ತಂಪನ್ನೀಯುವುವು. ಸಾಣೇಹಳ್ಳಿಯ ಮಠದ ಆಶ್ರಯದಲ್ಲಿ ಬೆಳೆದ ‘ಶಿವಸಂಚಾರ’ವೆಂಬ ನಾಟಕ ತಂಡವು 1997ರಿಂದ ಊರೂರು ಸುತ್ತಿ ನಾಟಕವಾಡುತ್ತ ಬಂದಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿಯ ಬಯಲು ರಂಗಮಂದಿರದ ಕಲ್ಲಿನ ಮೆಟ್ಟಿಲುಗಳ ಮೇಲೆ ಕುಳಿತು ಬುತ್ತಿಯನ್ನು ಬಿಚ್ಚಿದೆವು. ಊಟವಾದ ಮೇಲೆ ಮಗನು ಕೆಳಗಿಳಿದು, ರಂಗದ ಮೇಲೆ ನಿಂತು, ಓಬವ್ವನ ಪಾತ್ರವನ್ನು ತಾನೇ ವಹಿಸಿ, ನನ್ನ ಊರುಗೋಲನ್ನು ಒನಕೆಯಾಗಿ ಮಾಡಿಕೊಂಡನು!

ಮೂರನೆಯ ದಿನವೇ ನಮ್ಮ ಪ್ರಯಾಣದ ಸಾರ. ಹಿರಿಯೂರಿನ ಹಾದಿಯಲ್ಲಿ ಮಾರ್ಗದರ್ಶಕರು ಮರಡಿಹಳ್ಳಿಯ ಬಳಿ ಬಂಡಿಯನ್ನು ನಿಲ್ಲಿಸಿದರು. ಅಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಲ್ಲುಗಳಿರುವುವು. ಭೂಗರ್ಭದಿಂದ ಹೊರಟ ಕುದಿಯುವ ಶಿಲಾರಸವು ನೀರಿನೊಳಗೆ ಉಕ್ಕಿ, ತಟ್ಟನೆ ತಣಿದು, ಇಂತಹ ಆಕಾರವನ್ನು ತಾಳುವುದಂತೆ. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳ ಅಭಿಪ್ರಾಯ. ಸ್ಥಳವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗಣಿತವಾಗಿದೆ. “ಮಗೂ, ನಿನಗೆ ಸಮುದ್ರ ಬೇಕಾಗಿತ್ತಲ್ಲವೆ? ನೀನು ಈಗ ಸಮುದ್ರದ ತಳದಲ್ಲಿ ನಿಂತಿದ್ದೀಯೆ” ಎಂದರು ಆ ಹಿರಿಯರು. ಹುಡುಗನು ಬಗ್ಗಿ ಆ ಕಲ್ಲಿಗೆ ಕಿವಿಯಿಟ್ಟನು. “ತಾತ, ಅಲೆಯ ಸದ್ದು ಕೇಳುವುದಿಲ್ಲ” ಎಂದನು. “ಸ್ವಲ್ಪ ತಡವಾಗಿ ಬಂದೆ” ಎಂದು ಅವರು ಉತ್ತರಕೊಟ್ಟರು.

ಹಿರಿಯೂರಿನ ತೇರುಮಲ್ಲೇಶ್ವರನಿಗೆ ಹಣ್ಣುಕಾಯಿ ಮಾಡಿಸಿ, ಚಾವಣಿಯ ಹಳೆಯ ವರ್ಣಚಿತ್ರಗಳನ್ನು ತಲೆಯೆತ್ತಿ ನೋಡಿ, ಮಧ್ಯಾಹ್ನದ ಹೊತ್ತಿಗೆ ಮಾರೀಕಣಿವೆಯನ್ನು ಸೇರಿದೆವು. ಎರಡು ಗುಡ್ಡಗಳ ನಡುವೆ ವೇದಾವತಿಯು ಹರಿದುಹೋಗುತ್ತಿದ್ದ ಕಂಡಿಯನ್ನು ಕಲ್ಲುಗಾರೆಗಳ ಗೋಡೆಯಿಂದ ಮುಚ್ಚಿ ಮೈಸೂರಿನವರು ಈ ಜಲಾಶಯವನ್ನು ಮಾಡಿದರು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ, 1898ರಲ್ಲಿ ಆರಂಭವಾದ ಕೆಲಸವು ಸುಮಾರು ಹತ್ತು ವರ್ಷ ನಡೆಯಿತು. ಅವರ ಹೆಸರಿನಿಂದಲೇ ಇದು ವಾಣಿವಿಲಾಸಸಾಗರವೆನಿಸಿತು. ತುಂಬಿದಾಗ ನೀರಿನ ಮಟ್ಟ 130 ಅಡಿ. ಹಿಡಿಯುವುದು ಸುಮಾರು 30 ಟಿಎಂಸಿ. ಮಳೆಯನ್ನೇ ನಂಬಿದ್ದ ಈ ಕೆರೆಗೆ 2019ರಿಂದ ಭದ್ರಾ ನದಿಯ ನೀರೂ ಬಂದು ಸೇರತೊಡಗಿತು. ಮೂರು ವರ್ಷಗಳೊಳಗೆ ಎರಡು ಸಲ ಕೋಡಿ ಬೀಳಲು ಅದೂ ಒಂದು ಕಾರಣ.

ಕಣಿವೆ ಮಾರಮ್ಮನಿಗೆ ಮಡಲಕ್ಕಿಯನ್ನು ಒಪ್ಪಿಸಿ, ತಾಯಿಯವರನ್ನು ಮೆಲ್ಲಗೆ ಕೈಹಿಡಿದು ಕೋಡಿಯ ಕಡೆಗೆ ಕರೆದುಕೊಂಡು ಹೋದೆವು. ನೀರು ಪ್ರವಾಹವಾಗಿ ಧುಮುಕುತ್ತಿರಲಿಲ್ಲ. ತೆಳ್ಳಗೆ, ಬಿಸಿಲಿಗೆ ಹೊಳೆಯುತ್ತ, ಕಲ್ಲಿನ ಮೇಲೆ ಜಾರುತ್ತಿದ್ದಿತು. ನಾನು ನಿರಾಶೆಯಾಯಿತೇನೋ ಎಂದು ಅವರ ಮುಖವನ್ನು ನೋಡಿದೆನು. ಅವರು ಮಾತನಾಡಲಿಲ್ಲ. ಬಗ್ಗಿ ಬೊಗಸೆಯಲ್ಲಿ ನೀರನ್ನು ತೆಗೆದುಕೊಂಡು, ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದು, ಮತ್ತೆ ಅದೇ ಹರಿವಿಗೆ ಬಿಟ್ಟರು. ಆಮೇಲೆ, “ಅಪ್ಪ ಎತ್ತು ಮಾರಿದ ದಿನ ಅತ್ತಿದ್ದನ್ನು ನಾನೊಬ್ಬಳೇ ನೋಡಿದ್ದೆ. ಇದನ್ನೂ ಅವನು ನೋಡಬೇಕಾಗಿತ್ತು” ಎಂದರು.

ನಾನು ಸಂತೋಷದಿಂದ, “ಇನ್ನು ಈ ಸೀಮೆಗೆ ಕಷ್ಟವಿಲ್ಲ” ಎಂದೆನು. ಮಾರ್ಗದರ್ಶಕರು ತಲೆಯಲ್ಲಾಡಿಸಿದರು. “ಹಾಗೆನ್ನಬೇಡಿ ಸ್ವಾಮಿ. ಇಲ್ಲಿ ತುಂಬಿದಾಗ ಹಿನ್ನೀರಿನ ಕಡೆ, ಹೊಸದುರ್ಗದ ಹಳ್ಳಿಗಳಲ್ಲಿ, ತೋಟಕ್ಕೆ ನೀರು ನುಗ್ಗುತ್ತದೆ. ಒಬ್ಬರ ಬಾಯಾರಿಕೆ ತೀರಿದಾಗ ಇನ್ನೊಬ್ಬರ ತೆಂಗು ನೀರಲ್ಲಿ ನಿಂತಿರುತ್ತದೆ. ಅವರನ್ನೂ ನೆನೆಯಬೇಕು” ಎಂದರು. ಹಿಂದಿನ ದಿನ ನಾವು ಕೊಂಡಾಡಿದ ತೋಟಗಳು ನನಗೆ ನೆನಪಾಗಿ ನಾನು ಸುಮ್ಮನಾದೆನು.

ಇಲ್ಲಿಗೆ ಬರತಕ್ಕವರಿಗೆ ಒಂದೆರಡು ಸೂಚನೆಗಳು: ಕೋಟೆಯನ್ನು ಬೆಳಗ್ಗೆಯೇ ಹತ್ತಬೇಕು, ಜಾರದ ಪಾದರಕ್ಷೆಯೂ ಕುಡಿಯುವ ನೀರೂ ಜೊತೆಯಲ್ಲಿರಬೇಕು, ತಿಂಡಿಯನ್ನು ಕೋತಿಗಳ ಕಣ್ಣಿಗೆ ಬೀಳದಂತೆ ಇಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಊರಿನಲ್ಲಿಯೇ ಹುಟ್ಟಿ ಬೆಳೆದ ಒಬ್ಬರನ್ನು ಸಂಗಡ ಕರೆದುಕೊಳ್ಳಬೇಕು. ಕಲ್ಲನ್ನು ಯಾರಾದರೂ ನೋಡಬಹುದು. ಅದರೊಳಗಣ ನೀರನ್ನು ತೋರಿಸಲು ಬಲ್ಲವರೇ ಬೇಕು.

ಮೈಸೂರಿಗೆ ಹಿಂದಿರುಗಿದ ಮಾರನೆಯ ಬೆಳಗ್ಗೆ, ಮಗನು ಹಲ್ಲುಜ್ಜುತ್ತ ನಲ್ಲಿಯನ್ನು ಬಿಟ್ಟುಕೊಂಡೇ ನಿಂತಿದ್ದನು. ತಾಯಿಯವರು ಏನನ್ನೂ ಹೇಳದೆ ಹೋಗಿ ಅದನ್ನು ನಿಲ್ಲಿಸಿದರು. ಅವನು ಅಜ್ಜಿಯ ಮುಖವನ್ನು ನೋಡಿ, ಚೊಂಬನ್ನು ತೆಗೆದುಕೊಂಡನು.