ಕಾಳಿ ನದಿಯ ಅಳಿವೆ ಮತ್ತು ಪರಭಾಷೆಯ ಪದ್ಯ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಪ್ರವಾಸಕ್ಕೆ ಬರುವ ಶಾಲಾಮಕ್ಕಳು ಅಲ್ಲಿ ಯುದ್ಧನೌಕೆ ನೋಡಿ, ಚುರುಮುರಿ ತಿಂದು ಬಸ್ಸು ಹತ್ತುತ್ತಾರೆ. ಹೆಸರು ಹೇಗೆ ಬಂತೆಂದು ಕೇಳುವವರು ಕಡಿಮೆ. 1883ರಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ತಮ್ಮನಿಗೆ ಆಗ 22ರ ಹರೆಯ. ಬೆಳದಿಂಗಳಲ್ಲಿ ದೋಣಿಯೇರಿ ಕಾಳಿ ನದಿಯಲ್ಲಿ ಮೇಲಕ್ಕೆ ಸಾಗಿ, ಗುಡ್ಡದ ಕೋಟೆ ಕಂಡು, ಮರಳುವಾಗ ಅಳಿವೆಯಲ್ಲಿ ಇಳಿದು ಉಸುಕಿನ ಮೇಲೆ ಮನೆಗೆ ನಡೆದುದನ್ನು ಅವರು ತಮ್ಮ 'ಜೀವನಸ್ಮೃತಿ'ಯಲ್ಲಿ ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ನಾಟಕ ಹುಟ್ಟಿದ್ದೂ ಇಲ್ಲಿಯೇ. ಸುತ್ತಲಿನ ಮಾತು ಕೊಂಕಣಿ, ಕನ್ನಡ, ಮರಾಠಿ. ಕವಿಯ ಬರಹ ಬಂಗಾಳಿ!

ಬಾಲಕ ರವೀಂದ್ರರಿಗೆ ಮನೆಪಾಠದ ಮಾಸ್ತರರು 'ಮ್ಯಾಕ್‌ಬೆತ್'ನ ಅರ್ಥ ಹೇಳಿ, ಅದನ್ನು ಬಂಗಾಳಿ ಪದ್ಯವಾಗಿಸುವ ತನಕ ಕೋಣೆಯಿಂದ ಹೊರಗೆ ಬಿಡುತ್ತಿರಲಿಲ್ಲವಂತೆ. (ಪಾಲಕರೇ, ಕೋಣೆಯ ಭಾಗ ಬೇಡ.) ಮುಂದೆ 1912ರಲ್ಲಿ ತಮ್ಮ ಪದ್ಯಗಳನ್ನು ತಾವೇ ಇಂಗ್ಲಿಷಿಗೆ ತಂದರು, ಮರುವರ್ಷ ನೊಬೆಲ್ ಬಂತು.

"ಮಾಸ್ತರರೇ, ಇಂಗ್ಲಿಷಿನಲ್ಲಿ ಪದ್ಯ ಬರೆದರೆ ಎಷ್ಟು ಅಂಕ?" ಎಂದು ತಂದೆತಾಯಿಗಳು ಕೇಳುತ್ತಾರೆ. ಓದಿಕೊಂಡವರು ಕುವೆಂಪು ಅವರನ್ನು ಮುಂದೆ ಮಾಡುತ್ತಾರೆ: 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಸಂಕಲನ ತಂದ ಅವರಿಗೆ ಕನ್ನಡದಲ್ಲೇ ಬರೆಯಿರಿ ಎಂದು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೇಳಲಿಲ್ಲವೇ? ಹೇಳಿದರು, ನಿಜ. ಆದರೆ ಆ ಇಂಗ್ಲಿಷ್ ಅಭ್ಯಾಸ ವ್ಯರ್ಥವಾಯಿತೆಂದು ನನಗನ್ನಿಸುವುದಿಲ್ಲ. ಅಷ್ಟಕ್ಕೂ ನಮ್ಮ ಕರಾವಳಿಯಲ್ಲಿ ಮನೆಯಲ್ಲಿ ಕೊಂಕಣಿ ಆಡುವ ಮಗು ಶಾಲೆಯಲ್ಲಿ ಕನ್ನಡ ಪದ್ಯ ಬರೆದಾಗಲೇ ಪರಭಾಷೆಯ ಕವಿಯಾಗಿರುತ್ತದೆ. ಗೋಕರ್ಣದ ಜಯಂತ ಕಾಯ್ಕಿಣಿಯವರ ಮನೆಮಾತು ಕೊಂಕಣಿ. ನಾಡೆಲ್ಲ ಗುನುಗುವುದು ಅವರ ಕನ್ನಡ ಹಾಡು.

ಬಿಣಗಾ, ಅರಗಾ, ಅವರ್ಸಾ ದಾಟಿ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ಬಂದರೆ ಅಂಕೋಲಾ. ಸಮೀಪದ ಅಲಗೇರಿ, ಚುಟುಕಗಳ ದಿನಕರ ದೇಸಾಯಿಯವರ ಊರು. ನಾಲ್ಕೇ ಸಾಲು, ಕೊನೆಯಲ್ಲಿ ಪ್ರಾಸ: ಹೊಸ ಭಾಷೆಯಲ್ಲಿ ಕೈ ಪಳಗಿಸಲು ಇದಕ್ಕಿಂತ ಒಳ್ಳೆಯ ಅಚ್ಚು ನಾನು ಕಂಡಿಲ್ಲ. ಬಡಗೇರಿಯಲ್ಲಿ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರಿದ್ದರು. 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ತೀರಿಕೊಂಡ ಆ ತಾಯಿ ಅಕ್ಷರದ ಹಂಗಿಲ್ಲದೆ ಅಸಂಖ್ಯ ಹಾಡುಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. ಹಾಡು ಮೊದಲು ಕಿವಿಗೆ, ಆಮೇಲೆ ಕಾಗದಕ್ಕೆ. ನಾವು ಇಂಗ್ಲಿಷಿಗೆ ಇದನ್ನು ತಿರುವುಮುರುವು ಮಾಡಿದ್ದೇವೆ. ಕಾಗುಣಿತ ಕಲಿತ ಮಗುವಿಗೆ ಲಯ ಕೇಳಿಯೇ ಗೊತ್ತಿರುವುದಿಲ್ಲ.

ನಾನು ವಿಜ್ಞಾನದ ಮಾಸ್ತರ, ಎಣಿಸುವುದು ಅಭ್ಯಾಸ. ಕನ್ನಡದಲ್ಲಿ ಮಾತ್ರೆ ಎಣಿಸುತ್ತೇವೆ, ಜಪಾನಿ ಹಾಯ್ಕುವಿಗೆ 5-7-5ರ ಲೆಕ್ಕ, ಇಂಗ್ಲಿಷಿನಲ್ಲಿ ಉಚ್ಚಾರದ ಒತ್ತು ನೋಡಬೇಕು. ವಿದ್ಯಾರ್ಥಿಗಳೇ, ಕಾಳಿ ಕಡಲು ಸೇರುವಲ್ಲಿ ನಿಂತು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ನೋಡಿ. 'ಅಳಿವೆ' ಮೂರೇ ಮಾತ್ರೆ. ನಿಘಂಟು ಕೊಡುವ 'ಎಸ್ಚುಯರಿ' ಸಾಲಿನಲ್ಲಿ ಸುಲಭಕ್ಕೆ ಕೂರದು. ಹುಡುಕಿದರೆ 'ರಿವರ್ ಮೌತ್' ಸಿಗುತ್ತದೆ. ಇಂಗ್ಲಿಷಿನವರು ನದಿಗೊಂದು ಬಾಯಿಯನ್ನೇ ಕೊಟ್ಟಿದ್ದಾರೆ! 'ಮೌತ್'ಗೆ 'ಸೌತ್' ಪ್ರಾಸ ಕೂಡಿದೊಡನೆ ತೆಂಕಣ ಗಾಳಿಯೂ ಪದ್ಯದೊಳಗೆ ಬೀಸತೊಡಗುತ್ತದೆ.